ಬಿರುದು ಹಿಡಿಸದ ಪೆಟ್ಟಿಗೆ

ಮುಂಬಯಿ ಕಡೆಯ ಕನ್ನಡ ಸಂಘದಲ್ಲಿ ಬರೀ ಹೆಸರಿನಿಂದ ಕರೆಸಿಕೊಳ್ಳುವುದು ಬಟ್ಟೆಯಿಲ್ಲದೆ ವೇದಿಕೆ ಹತ್ತಿದಷ್ಟೇ ಅವಮಾನ. ಡೊಂಬಿವಲಿಯ ನಮ್ಮ ಸಂಘದ ಕಾರ್ಯದರ್ಶಿಯಾಗಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ಕನ್ನಡ ಸೇವೆಯಲ್ಲ, ವಿಶೇಷಣಗಳ ಸರಬರಾಜು. ಆಮಂತ್ರಣದಲ್ಲಿ ಒಬ್ಬರಿಗೆ ‘ಕೊಡುಗೈ ದಾನಿ’ ಎಂದು ಹಾಕಿ ಪಕ್ಕದವರಿಗೆ ಬರೀ ‘ದಾನಿ’ ಎಂದು ಹಾಕಿದರೆ, ಆ ಪಕ್ಕದವರು ಮುಂದಿನ ಸಭೆಗೆ ಬರುವುದಿಲ್ಲ. ಅವರ ದಾನವೂ ಬರುವುದಿಲ್ಲ.

ಈ ಅಭ್ಯಾಸ ನನ್ನ ಲ್ಯಾಪ್‌ಟಾಪಿಗೂ ಅಂಟಿತ್ತು. ಸಂಘದ ಕಾರ್ಯಕ್ರಮಗಳ ವಿಡಿಯೋಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಪ್ರತಿಯಿರಲಿಲ್ಲ. ಪ್ರತಿಯೊಂದಕ್ಕೂ ಆಮಂತ್ರಣದ ಒಕ್ಕಣೆಯನ್ನೇ ಹೆಸರಾಗಿ ಇಟ್ಟಿದ್ದೆ. ನಮ್ಮ ಅಧ್ಯಕ್ಷರದ್ದು ಹೀಗಿತ್ತು: ‘ಹೋಟೆಲ್ ಉದ್ಯಮಿ, ಕೊಡುಗೈ ದಾನಿ, ಕಲಾಪೋಷಕ, ಸಮಾಜರತ್ನ ಶ್ರೀಯುತ ದೂಮಣ್ಣ ಶೆಟ್ಟರ ಷಷ್ಟ್ಯಬ್ದಿ ಸಮಾರಂಭದ ಅಭಿನಂದನಾ ಭಾಷಣಗಳು’. ವಿಡಿಯೋ ನೋಡುವ ಅಗತ್ಯವೇ ಇರಲಿಲ್ಲ, ಹೆಸರು ಓದಿದರೆ ಸಾಕಿತ್ತು.

ಒಂದು ದಿನ ಲ್ಯಾಪ್‌ಟಾಪ್ ಕರಕರ ಸದ್ದು ಮಾಡತೊಡಗಿತು. ಸ್ಟೇಷನ್ ಬಳಿಯ ರಿಪೇರಿಯವನು ಕಿವಿಗೊಟ್ಟು ಕೇಳಿ, “ಅಂಕಲ್, ಡಿಸ್ಕ್ ದೋ ಚಾರ್ ದಿನ್ ಕಾ ಮೆಹಮಾನ್ ಹೈ” ಎಂದ. ಡಿಸ್ಕ್ ಇನ್ನು ಎರಡು ನಾಲ್ಕು ದಿನದ ಅತಿಥಿಯಂತೆ. ಐರೋಲಿಯಲ್ಲಿ ಕೆಲಸ ಮಾಡುವ ಮಗಳು ಶ್ರುತಿ, ಮನೆಯ ಕಂಪ್ಯೂಟರುಗಳೆಲ್ಲ ವೈಫೈ ಮೂಲಕವೇ ಫೈಲು ಕಳಿಸಿ ಇಡಬಹುದಾದ ಒಂದು ಸ್ಟೋರೇಜ್ ಪೆಟ್ಟಿಗೆ ತಂದಿಟ್ಟಳು. ಭಾನುವಾರ ಬೆಳಿಗ್ಗೆ ಕಾಪಿ ಮಾಡಲು ಕುಳಿತೆ. ಮಕ್ಕಳ ಕುಣಿತ, ಅಡುಗೆ ಸ್ಪರ್ಧೆ ಎಲ್ಲ ಸರಾಗವಾಗಿ ಹೋದವು. ಗಣ್ಯರ ಸರದಿ ಬಂದಾಗ ಪೆಟ್ಟಿಗೆ ಹೆಸರು ಉದ್ದವಾಯಿತೆಂದು ಬಾಗಿಲು ಹಾಕಿತು.

“ಲ್ಯಾಪ್‌ಟಾಪಿನಲ್ಲಿ ಇಷ್ಟು ವರ್ಷ ಹಿಡಿಸಿದ್ದು ಇಲ್ಲೇಕೆ ಹಿಡಿಸುವುದಿಲ್ಲ?” ಎಂದು ರೇಗಿದೆ.

ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವುದು ಶ್ರುತಿಯ ಪದ್ಧತಿ. “ಪಪ್ಪಾ, ನಾವ್ ಛೋಟಂ ಕರಾ ನಾ!” ಹೆಸರು ಚಿಕ್ಕದು ಮಾಡಿ ಅಂತ. ಆಮೇಲೆ ಕನಿಕರಪಟ್ಟು ಬಿಡಿಸಿ ಹೇಳಿದಳು. ಎರಡರ ಫೈಲ್ ಸಿಸ್ಟಮ್, ಅಂದರೆ ಫೈಲು ಜೋಡಿಸಿಡುವ ಪದ್ಧತಿ, ಬೇರೆಯಂತೆ. ಲ್ಯಾಪ್‌ಟಾಪ್ ಅಕ್ಷರ ಎಣಿಸುತ್ತದೆ, ಪೆಟ್ಟಿಗೆ ಬೈಟು ಎಣಿಸುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ್ದಕ್ಕೆ ಮೂರು ಬೇಕು. ಒತ್ತು, ದೀರ್ಘ ಸೇರಿದರೆ ಇನ್ನೂ ಹೆಚ್ಚು. ಒಂದು ‘ಶ್ರೀ’ ಹನ್ನೆರಡು ಇಂಗ್ಲಿಷ್ ಅಕ್ಷರಗಳ ಜಾಗ ತಿನ್ನುತ್ತದಂತೆ. ಲೋಕಲ್ ಟ್ರೈನಿನಲ್ಲಿ ನಾಲ್ಕು ಜನರ ಸೀಟು ಹಿಡಿದು ಕುಳಿತ ದಪ್ಪ ಮನುಷ್ಯನ ನೆನಪಾಯಿತು.

ಅಧ್ಯಕ್ಷರ ಹೆಸರಿಗೆ ಅವರನ್ನು ಕೇಳದೆ ಕತ್ತರಿ ಹಾಕುವ ಧೈರ್ಯವಾಗಲಿಲ್ಲ. ಕಳಂಬೋಲಿಯ ಅವರ ಹೋಟೆಲಿಗೆ ಫೋನ್ ಮಾಡಿದೆ. “ಎಂಥದು ಮಾರಾಯ್ರೇ, ಅದರಲ್ಲಿ ತೆಗೆಯುವಂಥದ್ದು ಎಂಥ ಉಂಟು?” ಎಂದರು. ತೆಗೆಯದಿದ್ದರೆ ವಿಡಿಯೋವೇ ಕೈತಪ್ಪುತ್ತದೆ ಎಂದಾಗ, “ಸಮಾಜರತ್ನ ಒಂದು ಇರಲಿ. ಉಳಿದದ್ದಕ್ಕೆ ನಿಮ್ಮ ಖುಷಿ” ಎಂದರು.

ನನ್ನ ಖುಷಿ ಹೇಳತೀರದು. ಕೊಟ್ಟ ಬಿರುದನ್ನು ಹಿಂದಕ್ಕೆ ಕಿತ್ತುಕೊಳ್ಳುವ ಸುಖ ಎಷ್ಟು ಕಾರ್ಯದರ್ಶಿಗಳಿಗೆ ಸಿಕ್ಕೀತು? ದಾನಿಗಳ ಕೈ ಕತ್ತರಿಸಿದೆ, ಕಲಾಪೋಷಕರನ್ನು ಉಪವಾಸ ಕೆಡವಿದೆ, ಎಲ್ಲರ ‘ಶ್ರೀಯುತ’ವನ್ನೂ ಗುಡಿಸಿ ಹಾಕಿದೆ. ಒಬ್ಬೊಬ್ಬರಾಗಿ ಬಡಕಲಾಗಿ ಒಳಗೆ ಹೋದರು.

ಕೊನೆಗೆ ಉಳಿದದ್ದು ಒಂದೇ: ‘ಪ್ರಖರ ಚಿಂತಕ, ಹಾಸ್ಯಪಟು, ಸಂಘದ ಬೆನ್ನೆಲುಬು ಶ್ರೀಯುತ ಕಾರ್ಯದರ್ಶಿಗಳಿಂದ ಕನ್ನಡದ ಅಳಿವು ಉಳಿವು ಕುರಿತು ಮನಮುಟ್ಟುವ ಉಪನ್ಯಾಸ’. ನನ್ನ ಜೀವಮಾನದಲ್ಲಿ ರೆಕಾರ್ಡ್ ಆದ ಏಕೈಕ ಭಾಷಣ. ‘ಹಾಸ್ಯಪಟು’ ತೆಗೆದೆ, ಮನಸ್ಸು ತಡೆಯದೆ ಮತ್ತೆ ಹಾಕಿದೆ. ‘ಮನಮುಟ್ಟುವ’ ತೆಗೆದರೆ ಉಪನ್ಯಾಸ ಒಣಒಣವಾಗಿ ಕಂಡಿತು. ‘ಬೆನ್ನೆಲುಬು’ ತೆಗೆಯುವುದಂತೂ ಸಾಧ್ಯವೇ ಇರಲಿಲ್ಲ. “ಪಪ್ಪಾ, ಲವ್ಕರ್!” ಎಂದು ಶ್ರುತಿ ಅವಸರಪಡಿಸಿದಳು. ಬೇಗ ಎಂದರೆ ಹೇಗೆ? ಚಹಾ ಕುಡಿದು ಯೋಚಿಸೋಣವೆಂದು ಎದ್ದೆ. ಹಿಂತಿರುಗಿ ಬರುವಷ್ಟರಲ್ಲಿ ಲ್ಯಾಪ್‌ಟಾಪಿನ ಕರಕರ ನಿಂತಿತ್ತು. ಪರದೆಯೂ ಕಪ್ಪಾಗಿತ್ತು. ಹೊತ್ತುಕೊಂಡು ಹೋಗಿ ತೋರಿಸಿದರೆ ರಿಪೇರಿಯವನು ಇನ್ನಾಗದೆಂದು ತಲೆಯಾಡಿಸಿದ.

ಅಧ್ಯಕ್ಷರು ತಮ್ಮ ಷಷ್ಟ್ಯಬ್ದಿಯನ್ನು ನಮ್ಮ ಮನೆಯ ಟೀವಿಯಲ್ಲಿ ನೋಡಿ ಸಂತೋಷಪಟ್ಟರು. “ಹೆಸರು ಯಾರು ಓದ್ತಾರೆ ಮಾರಾಯ್ರೇ, ಮುಖ ಕಾಣ್ತದಲ್ಲ, ಸಾಕು. ನಿಮ್ಮ ಭಾಷಣ ಎಲ್ಲುಂಟು?” ಎಂದು ಕೇಳಿದರು.

ಶ್ರುತಿ ನನ್ನ ಮುಖ ನೋಡಿದಳು. “ಪರಿಷ್ಕರಣೆಯಲ್ಲಿದೆ” ಎಂದೆ.