ಗೊಬ್ಬರದಂಗಡಿಯ ಮೇಲಿನ ಏರೋಬಿಕ್ಸ್

ಹೊಗಳಿಕೆಯನ್ನೂ ಊರು ನೋಡಿಯೇ ಬಡಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು, ಏಕೆಂದರೆ ನಾನು ಹುಟ್ಟಿ ಬೆಳೆದದ್ದು ಹಾಸನದಲ್ಲಿ, ಮದುವೆಯಾಗಿ ಬಂದದ್ದು ಹೊಳೆನರಸೀಪುರಕ್ಕೆ. ಆದರೆ ನಡುವೆ ತಂಗಿಯ ಬಾಣಂತನಕ್ಕೆಂದು ಮೈಸೂರಿಗೆ ಹೋಗಿ ಒಂದಷ್ಟು ವಾರ ಇದ್ದು ಬಂದೆ. ಕೆಟ್ಟದ್ದು ಅಲ್ಲಿ. ತಂಗಿಯ ಮನೆಯ ಎದುರಿಗೆ ಏರೋಬಿಕ್ಸ್ ಕ್ಲಾಸೊಂದು ನಡೆಯುತ್ತಿತ್ತು. ಬಾಣಂತಿಗೆ ನೀರು ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ನಾನು ಅಲ್ಲಿ ಕುಣಿದೆನೆಂದು ತಂಗಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ನನ್ನ ಕಷ್ಟ ಅವಳಿಗೇನು ಗೊತ್ತು? ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹಾಲಿನವನಿಂದ ಹಿಡಿದು ಹೂವಿನವಳವರೆಗೆ ಊರಿನ ಎಲ್ಲರಿಗೂ ನಾನು 'ತಾಲ್ಲೂಕಾಫೀಸಿನೋರ ಮನೆಯೋರು'. ಹೈಸ್ಕೂಲಿನಲ್ಲಿ ಥ್ರೋಬಾಲ್ ತಂಡದ ನಾಯಕಿಯಾಗಿದ್ದವಳಿಗೆ ಇದು ಬಲು ಸಂಕಟದ ಹೆಸರು. ಒಮ್ಮೆಯಾದರೂ ಯಾರಾದರೂ ನನ್ನನ್ನು 'ಮೇಡಂ' ಎನ್ನಲಿ ಎಂಬ ಹುಚ್ಚು ಹತ್ತಿತು. ಊರಿಗೆ ಬಂದವಳೇ ಅಂಥದೇ ಕ್ಲಾಸು ನಡೆಸಲು ಜಾಗ ಹುಡುಕಿದೆ.

ಸಿಕ್ಕಿದ್ದು ಬೋರೇಗೌಡರ ಗೊಬ್ಬರದಂಗಡಿಯ ಮಹಡಿಯ ಹಾಲ್. ನಾಮಕರಣ, ಸೀಮಂತಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಜಾಗ ಅದು. ಗೋಡೆಯ ಮೇಲೆ ಯಾವುದೋ ಮಗುವಿನ ಹೆಸರು ಬಣ್ಣದ ಕಾಗದದಲ್ಲಿ ಇನ್ನೂ ಅಂಟಿಕೊಂಡಿತ್ತು. ಮೊದಲನೆಯ ದಿನ ನಾವು ಎಗರಿದ ರಭಸಕ್ಕೆ ಕೆಳಗೆ ಸೂರಿನ ಸುಣ್ಣವೆಲ್ಲ ಗೌಡರ ತಲೆಯ ಮೇಲೆ ಉದುರಿತಂತೆ. ಬೆಳ್ಳಗಾದ ಮೀಸೆಯನ್ನು ಒರೆಸಿಕೊಳ್ಳುತ್ತಾ ಮೇಲೆ ಬಂದರು. "ಎಗರಿ ಮೇಡಂ, ನಾನೇನ್ ಬ್ಯಾಡ ಅನ್ನಕಿಲ್ಲ. ಆದ್ರೆ ಎಗರಿದ್ ಮ್ಯಾಲೆ ಕಾಲು ಊರ್ಬ್ಯಾಡಿ," ಎಂದರು. ಅದು ಹೇಗೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಮೇಡಂ ಎಂದ ಸಂತೋಷದಲ್ಲಿ ನನಗೆ ಉಳಿದದ್ದೇನೂ ಕೇಳಿಸಿರಲಿಲ್ಲ.

ಬರುತ್ತಿದ್ದ ಹೆಂಗಸರು ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳ ಸ್ಕೂಲಿನ ಬಿಳಿ ಬೂಟು ಹಾಕಿಕೊಂಡು ನಿಲ್ಲುತ್ತಿದ್ದರು. ಅರ್ಧಕ್ಕರ್ಧ ಜನ ಮನೆಯಲ್ಲಿ ದೇವಸ್ಥಾನಕ್ಕೆಂದು ಹೇಳಿ ಬರುತ್ತಿದ್ದುದರಿಂದ ಟೇಪ್ ರೆಕಾರ್ಡರಿನ ಪಕ್ಕದಲ್ಲಿ ಹೂವು, ಕಾಯಿಯ ಬುಟ್ಟಿಗಳ ಸಾಲು. ಇಂಗ್ಲಿಷಿನ ವರಸೆಗಳು ಅವರಿಗೆ ತಿಳಿಯುವುದಿಲ್ಲವೆಂದು ನಾನು ಜಾಣತನ ಮಾಡಿ, "ರಾಗಿ ಬೀಸಿ, ಈಗ ನೀರು ಸೇದಿ," ಎಂದು ಹೇಳಿಕೊಡುತ್ತಿದ್ದೆ. ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. "ಇವೆಲ್ಲ ತಪ್ಪಲಿ ಅಂತ್ಲೇ ಮನೇಲಿ ಮಿಸಿನ್ನು, ನಲ್ಲಿ ಆಕ್ಸಿದ್ದು. ಈಗ ಇಲ್ಲಿ ಬಂದು ಗಾಳೀಲಿ ಬೀಸ್ಬೇಕಾ ಮೇಡಂ?" ನಾನು ಕ್ಯಾಸೆಟ್ಟಿನ ಸದ್ದು ಜೋರು ಮಾಡಿದೆ.

ಇವರಲ್ಲೆಲ್ಲ ನನಗೆ ಹೆಮ್ಮೆಯಿದ್ದದ್ದು ಸುಜಾತಾಳ ಬಗ್ಗೆ. ಎರಡನೆಯ ಹೆರಿಗೆಯ ನಂತರ ಊದಿಕೊಂಡಿದ್ದ ಹುಡುಗಿ, ಒಂದು ದಿನವೂ ತಪ್ಪಿಸದೆ ಬಂದು, ಶ್ರಾವಣ ಬರುವ ಹೊತ್ತಿಗೆ ರವಿಕೆಗಳಿಗೆಲ್ಲ ಹೊಲಿಗೆ ಹಾಕಿಸಿ ಬಿಗಿ ಮಾಡಿಸುವಷ್ಟು ತೆಳ್ಳಗಾದಳು. ಒಂದು ಶುಕ್ರವಾರ ನರಸಿಂಹಸ್ವಾಮಿ ಗುಡಿಯಲ್ಲಿ ಎದುರಾದಳು. ಜೊತೆಗೆ ಅವಳ ಅತ್ತೆ ನಂಜಮ್ಮನವರು, ಮಲ್ಲಿಪಟ್ಟಣದಿಂದ ಬಂದಿದ್ದ ಅವಳ ತಾಯಿ. ನನಗೆ ಹಿಗ್ಗು ತಡೆಯಲಾಗಲಿಲ್ಲ. ಪ್ರಾಕಾರಕ್ಕೆಲ್ಲ ಕೇಳುವಂತೆ, "ಅಬ್ಬಬ್ಬಾ ಸುಜಾತಾ, ಎಷ್ಟು ಇಳಿದುಹೋಗಿದ್ದೀರಿ!" ಎಂದುಬಿಟ್ಟೆ.

ಮೈಸೂರಿನ ಆ ಕ್ಲಾಸಿನಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ನಮ್ಮ ಕಡೆ 'ಇಳಿದುಹೋಗಿದ್ದೀಯ' ಎನ್ನುವುದು ಜ್ವರದಿಂದ ಎದ್ದವರಿಗೆ, ಇಲ್ಲವೇ ಹೊಟ್ಟೆ ತುಂಬ ಉಣ್ಣಲು ಬಿಡದ ಮನೆಯ ಸೊಸೆಗೆ. ಸುಜಾತಾಳ ತಾಯಿ ಮಗಳ ತೋಳನ್ನು ಮುಟ್ಟಿ ನೋಡಿದರು. ಆಮೇಲೆ ಬೀಗಿತ್ತಿಯ ಮುಖ ನೋಡಿದರು. ನಾನು ತೀರ್ಥ ಕೂಡ ತೆಗೆದುಕೊಳ್ಳದೆ ಮನೆಗೆ ಬಂದೆ.

ಸೋಮವಾರ ಸುಜಾತಾ ಬರಲಿಲ್ಲ. ಗೊಬ್ಬರದಂಗಡಿಯ ಮೇಲೆ ಹೋದ ಸೊಸೆಯರು ಇಳಿದುಹೋಗುತ್ತಾರೆ, ಕೆಟ್ಟ ಹೆಸರು ಅತ್ತೆಯರಿಗೆ ಬರುತ್ತದೆ ಎಂದು ಬೀದಿ ಬೀದಿಯಲ್ಲಿ ಸುದ್ದಿಯಾಗಿ, ವಾರ ಮುಗಿಯುವುದರೊಳಗೆ ಹಾಲ್‌ನಲ್ಲಿ ನಾನೊಬ್ಬಳೇ ಉಳಿದೆ. ಬೋರೇಗೌಡರು ಬಂದು ಇಣುಕಿ, "ಒಬ್ರೇ ಎಗರಕ್ಕೆ ಇಷ್ಟಗಲ ಜಾಗ ಯಾಕೆ ಮೇಡಂ? ಯೂರಿಯಾ ಲೋಡು ಬತ್ತಾ ಅದೆ," ಎಂದರು. ಅಳು ಬಂತು. ಮತ್ತೆ ತಾಲ್ಲೂಕಾಫೀಸಿನೋರ ಮನೆಯೋರಾಗಿ ಬೀದಿಯಲ್ಲಿ ಹೋಗಬೇಕಲ್ಲ!

ಆಗ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದವರು ನಂಜಮ್ಮ. "ಏನ್ ಮಾತಾಡ್ಬುಟ್ರಿ ಮೇಡಂ! ನಮ್ ಬೀಗಿತ್ತಿ ಊರಿಗೇ ಓಗಿಲ್ಲ. ಮಗಳು ಉಣ್ಣೋದ ಎದುರ್ಗೇ ಕುಂತು ನೋಡ್ತಾವ್ರೆ. ನಾವು ಮುದ್ದೆ ಇಕ್ಕಕಿಲ್ವಾ? ತುಪ್ಪ ಇಕ್ಕಕಿಲ್ವಾ? ನೀವೇ ಬಂದು ಏಳಿ, ಕುಣಿದು ಇಳಿದವ್ಳೆ, ಅನ್ನ ಇಲ್ದೆ ಅಲ್ಲ ಅಂತ. ಅವ್ರು ಒಪ್ಪಿದ್ರೆ ಸುಜಾತನ್ನೂ ಕಳಿಸ್ತೀನಿ, ನಮ್ ಬೀದಿಯೋರ್ನೂ ಕಳಿಸ್ತೀನಿ."

ಹೋದೆ. ಮಲ್ಲಿಪಟ್ಟಣದಾಕೆಯ ಎದುರಿಗೆ ಚಾಪೆಯ ಮೇಲೆ ಕುಳಿತು, ವ್ಯಾಯಾಮದಿಂದ ಕೊಬ್ಬು ಕರಗುವ ಬಗೆಯನ್ನು ಡಾಕ್ಟರರಂತೆ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ನೀವೂ ಕುಣೀತೀರೇನವ್ವ?"

"ದಿನಾ ಎರಡು ಹೊತ್ತು."

"ಯಾವಾಗಿಂದ?"

"ಯುಗಾದಿಯಿಂದ."

"ಮತ್ತೆ ನೀವ್ಯಾಕೆ ಇಳಿದಿಲ್ಲ?"

ನಂಜಮ್ಮನವರು ದೇವರನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದರು. ನಿಜ ಹೇಳಬೇಕೆಂದರೆ, ಕ್ಲಾಸು ಮುಗಿಸಿ ಮನೆಗೆ ಹೋದವಳಿಗೆ ಎಂಥಾ ಹಸಿವೆಂದರೆ, ಇಳಿಯುವ ಮಾತು ಹಾಗಿರಲಿ, ಯುಗಾದಿಯಿಂದೀಚೆಗೆ ನಾನು ಒಂದು ಸುತ್ತು ಏರಿದ್ದೆ. ಅದನ್ನು ಹೇಳಿದರೆ ನಂಜಮ್ಮನವರ ಮಾನವೂ ಹೋಗುತ್ತಿತ್ತು, ನನ್ನ ಕ್ಲಾಸೂ ಹೋಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಹೇಳಿದೆ: "ಇಳಿದಿದ್ದೀನಮ್ಮಾ. ಮೊದಲು ಇನ್ನೂ ದಪ್ಪಗಿದ್ದೆ."

"ಇದ್ಕಿಂತ್ಲೂವಾ?" ಎಂದು ಆಕೆ ಎರಡೂ ಕೈಗಳನ್ನು ಗಲ್ಲಕ್ಕಿಟ್ಟುಕೊಂಡರು. ಮರುದಿನವೇ ನೆಮ್ಮದಿಯಾಗಿ ಬಸ್ಸು ಹತ್ತಿದರು.

ಸುಜಾತಾ ಬಂದಳು. ಅವಳ ಹಿಂದೆ ನಂಜಮ್ಮನವರ ಬೀದಿಗೆ ಬೀದಿಯೇ ಬಂತು. ಅಷ್ಟು ಇಳಿದ ಮೇಲೂ ಮೇಡಂ ಇಷ್ಟು ಮೈಕೈ ತುಂಬಿಕೊಂಡಿದ್ದಾರೆಂದರೆ ಸೊಸೆಯರಿಗೆ ಅಪಾಯವಿಲ್ಲ ಎಂಬುದು ಅತ್ತೆಯರ ಲೆಕ್ಕಾಚಾರ. ಆದರೆ ಸುದ್ದಿ ಬಾಯಿಂದ ಬಾಯಿಗೆ ಬೆಳೆಯಿತು. ನಾನು ಮೊದಲು ಬಸ್ಸಿನ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲವಂತೆ. ಅರಕಲಗೂಡಿನಿಂದಲೂ ಒಬ್ಬರು ಬಂದು, "ಮೊದ್ಲು ಆನೆ ಅಂಗಿದ್ರಂತಲ್ಲ, ಆ ಮೇಡಂ ನೀವೇನಾ?" ಎಂದು ಕೇಳಿದರು. ಹೌದೆಂದೆ. ಮೇಡಂ ಎಂದು ಕರೆಸಿಕೊಳ್ಳುವ ಆಸೆ ಹೀಗೆ ಆನೆಯ ಬೆನ್ನೇರಿ ನೆರವೇರಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ದಸರೆಗೆ ಬೊಂಬೆ ನೋಡಲು ಕ್ಲಾಸಿನವರೆಲ್ಲ ನಮ್ಮ ಮನೆಗೆ ಬರುತ್ತೇವೆಂದರು. ನಡುಮನೆಯ ಗೋಡೆಯಲ್ಲಿ ನಮ್ಮ ಮದುವೆಯ ಫೋಟೋ ಇತ್ತು. ಅದರಲ್ಲಿ ನಾನು ಊದುಬತ್ತಿಯಂತೆ ಇದ್ದೇನೆ. ಸ್ಟೂಲು ಹಾಕಿಕೊಂಡು ಹತ್ತಿ, ಮೊಳೆಯಿಂದ ಫೋಟೋ ಬಿಡಿಸಿ ಕೆಳಗೆ ಕೊಟ್ಟೆ. ಯಜಮಾನರು ಅದನ್ನು ಹಿಡಿದುಕೊಂಡು, ಒಮ್ಮೆ ಫೋಟೋ ನೋಡಿ, ಒಮ್ಮೆ ಸ್ಟೂಲಿನ ಮೇಲಿದ್ದ ನನ್ನನ್ನು ನೋಡಿ ಹೇಳಿದರು:

"ಅಂತೂ ಯುಗಾದಿಯಿಂದ ಕುಣಿದು ಇದೊಂದನ್ನ ಇಳಿಸಿದೆ ನೋಡು."