ದೊಡ್ಡತ್ತೆಯ ಮೆತ್ತನೆ ಮಿಠಾಯಿ

ಇರಲಾರದವರು ಇರುವೆ ಬಿಟ್ಟುಕೊಂಡರು ಅನ್ನುವ ಮಾತನ್ನು ದೊಡ್ಡತ್ತೆ ದಿನಕ್ಕೆ ಮೂರು ಸಲವಾದರೂ ಬೇರೆಯವರಿಗೆ ಹೇಳುತ್ತಿದ್ದರು. ಆ ಇರುವೆಗಳು ಒಂದು ದಿನ ತಮ್ಮ ಸೆರಗಿಗೇ ಹತ್ತಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಅರವತ್ತೆಂಟು ವರ್ಷದಿಂದ ಮೊಟ್ಟೆಯ ನೆರಳೂ ಸೋಕದ ನಾಲಿಗೆ ಅವರದು. ತಮ್ಮನ ಮನೆಗೆ ಬಂದು ನೆಲೆಸಿದ ಮೇಲೆ ಅಡುಗೆಮನೆಯ ಆಡಳಿತವನ್ನು ಯಾರೂ ಕೊಡದೆಯೇ ವಹಿಸಿಕೊಂಡು, ಒಂದು ಶಾಸನವನ್ನೂ ಹೊರಡಿಸಿದ್ದರು: ಅನುಮಾನದ ಪದಾರ್ಥವನ್ನು ಯಾರು ಒಳಗೆ ತಂದರೋ ಅವರೇ, ಅದು ಕೂತ ಕಪಾಟಿನ ಅಷ್ಟೂ ಪಾತ್ರೆಗಳನ್ನು ಕುದಿಯುವ ನೀರು ಹಾಕಿ ತಿಕ್ಕಬೇಕು. ತಮ್ಮನ ಹೆಂಡತಿ, ಪರದೆ ಹೊಲಿಯುವ ಕೆಲಸದವಳು, ಈಗಾಗಲೇ ಎರಡು ಸಲ ಈ ಶಿಕ್ಷೆ ಅನುಭವಿಸಿದ್ದಳು. (ಒಂದು ಸಲ ಕೇಕಿಗೆ, ಇನ್ನೊಂದು ಸಲ ಕೇಕಿನ ಚಿತ್ರವಿದ್ದ ಖಾಲಿ ಡಬ್ಬಿಗೆ.)

ದೊಡ್ಡತ್ತೆಗೆ ಇದ್ದದ್ದು ಒಂದೇ ಚಪಲ. ಹಲ್ಲಿಲ್ಲದ ಬಾಯಿಗೆ ಹೇಳಿ ಮಾಡಿಸಿದಂಥ, ಹತ್ತಿಯ ಹಾಗೆ ಉಬ್ಬಿದ ಹೊರದೇಶದ ಬಿಳಿ ಮಿಠಾಯಿ. ಮೊದಲ ಡಬ್ಬಿ ತಂದ ದಿನವೇ ಅದನ್ನು ತಮ್ಮನ ಕೈಯಲ್ಲಿ ಓದಿಸಿದ್ದರು. ಅವನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಮುದ್ರೆ ಸರಿಯಿದೆಯೇ ಎಂದು ನೋಡುವುದೇ ಹೊಟ್ಟೆಪಾಡು, ಉಳಿದದ್ದು ಓದುವ ಅಭ್ಯಾಸವಿಲ್ಲ.

"ಅಕ್ಕ, ಇದರ ಮೇಲೆ ಕೋಷರ್ ಅಂತ ಮುದ್ರೆ ಇದೆ. ಯೆಹೂದಿಗಳ ಗುರುಗಳು ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಮಾಂಸ ಇಲ್ಲ, ಹಾಲೂ ಇಲ್ಲ ಅಂತಿದೆ."

"ಹಾಲೂ ಇಲ್ವಾ!" ದೊಡ್ಡತ್ತೆ ಡಬ್ಬಿಗೇ ಕೈಮುಗಿದರು. "ನಮಗಿಂತ ಒಂದು ಕೈ ಮೇಲು ಕಣೋ ಅವರು!"

ಅಂದಿನಿಂದ ಆ ದುಂಡು ಮುದ್ರೆಯೇ ಮನೆಯ ರಾಜಮುದ್ರೆ. ಮುದ್ರೆಯಿಲ್ಲದ ಪೊಟ್ಟಣಗಳೆಲ್ಲ ಬಾಲ್ಕನಿಗೆ ಗಡೀಪಾರು.

"ಅತ್ತಿಗೆ, ಉಪ್ಪಿಗೂ ಮುದ್ರೆ ಬೇಕಾ?" ಎಂದಳು ತಮ್ಮನ ಹೆಂಡತಿ.

"ಉಪ್ಪಿಗೇ ಮೊದಲು ಬೇಕು. ಎಲ್ಲದರೊಳಗೂ ನುಗ್ಗೋದು ಅದೇ ಅಲ್ವಾ!"

ಹೀಗೆ ಆರು ತಿಂಗಳು ಸುಖವಾಗಿಯೇ ಕಳೆಯಿತು. ಆದರೆ ದೊಡ್ಡತ್ತೆಯ ತಲೆಯಲ್ಲಿ ಒಂದು ಪ್ರಶ್ನೆ ಕಡಿಯುತ್ತಲೇ ಇತ್ತು. ಪರೀಕ್ಷೆ ಅಂದರೆ ಆ ಗುರುಗಳು ಏನು ನೋಡುತ್ತಾರೆ? ಮೂಸುತ್ತಾರೋ, ಜರಡಿ ಹಿಡಿಯುತ್ತಾರೋ? ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವರು ಅದೇ ಧರ್ಮದವರು. ಒಂದು ಬೆಳಿಗ್ಗೆ ಗೋಡೆ ಗಡಿಯಾರ ಹಿಡಿದು ಹೊರಟ ತಮ್ಮನ ಹೆಂಡತಿಯ ಹಿಂದೆ ದೊಡ್ಡತ್ತೆಯೂ ಡಬ್ಬಿ ಹಿಡಿದು ಇಳಿದರು.

"ನಿಮ್ಮ ಗುರುಗಳು ಏನೇನು ನೋಡ್ತಾರೆ, ಗಡಿಯಾರದವರೇ?"

"ತುಂಬಾ ನೋಡ್ತಾರಮ್ಮ. ಯಾವ ಪ್ರಾಣಿ, ಹೇಗೆ ಕೊಯ್ದರು..."

"ಪ್ರಾಣಿಯಾ?"

"ನಾವು ಮಾಂಸ ತಿಂತೀವಲ್ಲ. ಮಾಂಸಕ್ಕೆ ಹಾಲು ಬೆರೆಸಲ್ಲ. ಅದಕ್ಕೇ ಎರಡೂ ಇಲ್ಲದ್ದಕ್ಕೆ ಬೇರೆ ಗುರುತು."

"ಇದರಲ್ಲಿ ಎರಡೂ ಇಲ್ಲ ತಾನೆ?"

"ಎರಡೂ ಇಲ್ಲ."

ದೊಡ್ಡತ್ತೆ ತಮ್ಮನ ಹೆಂಡತಿಯತ್ತ ವಿಜಯದ ನೋಟ ಬೀರಿದರು. ಬುದ್ಧಿವಂತರಾದರೆ ಅಲ್ಲಿಗೇ ಎದ್ದು ಬರುತ್ತಿದ್ದರು. ಆದರೆ ನಾಲಿಗೆ ತಡೆಯಬೇಕಲ್ಲ! "ಮತ್ತೆ ಇಷ್ಟು ಮೆತ್ತಗೆ ಹೇಗಾಗುತ್ತೆ?"

ಗಡಿಯಾರದವರು ಕಣ್ಣಿನ ಮಸೂರವನ್ನು ಡಬ್ಬಿಯ ಸಣ್ಣಕ್ಷರಕ್ಕೆ ಹಿಡಿದರು. "ಜೆಲಟಿನ್ ಅಮ್ಮ. ಮೀನಿಂದು. ಚರ್ಮ, ಮೂಳೆ ಬೇಯಿಸಿ ತೆಗೆಯೋ ಅಂಟು."

"ಮಾಂಸ ಇಲ್ಲ ಅಂದ್ರಲ್ಲ!"

"ನಮ್ಮಲ್ಲಿ ಮೀನನ್ನ ಮಾಂಸ ಅನ್ನಲ್ಲ. ಮೊಟ್ಟೆನೂ ಅಷ್ಟೇ. ಗಿಡದ ಅಂಟು ಹಾಕಿದ್ದೂ ಸಿಗುತ್ತೆ, ಆದ್ರೆ ಮುದ್ರೆ ಎರಡಕ್ಕೂ ಒಂದೇ. ಸಸ್ಯಾಹಾರ ಅಂತ ಬೇರೆ ಬರೆದಿದ್ಯಾ ನೋಡ್ಬೇಕು. ಈ ಮುದ್ರೆ ನಮ್ಮ ನಿಯಮ ಕಾಯುತ್ತೆ ಅಮ್ಮ, ನಿಮ್ಮದನ್ನ ನೀವೇ ಕಾಯ್ಕೋಬೇಕು."

ಅಂಗಡಿಯ ಅಷ್ಟೂ ಗಡಿಯಾರಗಳು ಲೊಚ ಲೊಚ ಎಂದು ಮರುಗಿದವು.

ತಮ್ಮನ ಹೆಂಡತಿ ದೊಡ್ಡತ್ತೆಯ ಕೈ ಹಿಡಿದು ಜೋಪಾನವಾಗಿ ಮೆಟ್ಟಿಲು ಹತ್ತಿಸಿದಳು. (ಬೈದಿದ್ದರೆ ಎಷ್ಟೋ ವಾಸಿಯಿತ್ತು.) ಮನೆಗೆ ಬಂದು ಹನ್ನೊಂದು ಸಲ ಬಾಯಿ ಮುಕ್ಕಳಿಸಿದ ಮೇಲೆ ದೊಡ್ಡತ್ತೆ ಸಣ್ಣ ದನಿಯಲ್ಲಿ ಕೇಳಿದರು: "ಒಟ್ಟು ಎಷ್ಟು ಮೀನು ತಿಂದಿರಬಹುದೇ?"

"ತಿಂಗಳಿಗೆ ಎರಡು ಡಬ್ಬಿ, ಆರು ತಿಂಗಳು... ಪೂರ್ತಿ ಒಂದು ಆಗಿರಲ್ಲ ಬಿಡಿ. ತಲೆಯಿಂದ ಶುರು ಮಾಡಿದ್ರೆ ಬಾಲದ ಹತ್ತಿರ ಬಂದಿರ್ತೀರಿ."

"ಗೊತ್ತಿಲ್ಲದೆ ತಿಂದಿದ್ದು ಲೆಕ್ಕಕ್ಕಿಲ್ಲ."

"ಖಂಡಿತ ಇಲ್ಲ ಅತ್ತಿಗೆ. ಅಂದ ಹಾಗೆ, ಡಬ್ಬಿ ಯಾವ ಕಪಾಟಲ್ಲಿಡ್ತಿದ್ರಿ?"

ದೊಡ್ಡತ್ತೆ ಕಪಾಟುಗಳನ್ನು ಒಂದೊಂದಾಗಿ ನೋಡಿದರು. ತಮ್ಮನ ಮಕ್ಕಳ ಕಣ್ಣಿಗೆ ಬೀಳದಿರಲೆಂದು ವಾರಕ್ಕೊಂದು ಕಪಾಟು ಬದಲಿಸಿದ್ದರು. ಡಬ್ಬಿ ಕೂರದ ಕಪಾಟೇ ಮನೆಯಲ್ಲಿರಲಿಲ್ಲ.

"ನೀರು ಕುದಿಯೋಕೆ ಇಡ್ತೀನಿ," ಎಂದಳು ತಮ್ಮನ ಹೆಂಡತಿ, ಬಹಳ ವಿನಯದಿಂದ.

ಸಂಜೆಯ ಹೊತ್ತಿಗೆ ಎಪ್ಪತ್ತಮೂರು ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು, ದೊಡ್ಡತ್ತೆಯ ಸೊಂಟ ಕಮಾನಾಗಿತ್ತು. ಕೊನೆಯ ಸೌಟನ್ನು ಬೋರಲು ಹಾಕಿ, ಸೋಪಿನ ಹೊದಿಕೆಯನ್ನು ಕಸಕ್ಕೆ ಎಸೆಯಹೋದವರು ಅದನ್ನು ಬೆಳಕಿಗೆ ಹಿಡಿದು ನಿಂತುಬಿಟ್ಟರು. ಅದರ ಮೇಲೂ ಅದೇ ದುಂಡು ಮುದ್ರೆ!

"ಅಲ್ವೇ, ಸೋಪನ್ನ ಯಾರೂ ತಿನ್ನಲ್ಲ. ಇದಕ್ಕೇಕೆ ಮುದ್ರೆ? ಇದನ್ನ ಏನು ಹಾಕಿ ಮಾಡಿರಬಹುದು?"

ತಮ್ಮನ ಹೆಂಡತಿ ಹೊದಿಕೆಯನ್ನು ಕಿತ್ತುಕೊಂಡಳು. "ಬೇಡ ಅತ್ತಿಗೆ! ನಿಮ್ಮ ಸೊಂಟದ ಮೇಲೆ ಆಣೆ, ಕೇಳ್ಬೇಡಿ!"

ದೊಡ್ಡತ್ತೆ ತಿಕ್ಕಿಟ್ಟ ಪಾತ್ರೆಗಳ ಸಾಲನ್ನು ನೋಡಿದರು. ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದರು. ಗಡಿಯಾರದವರ ಅಂಗಡಿ ಇನ್ನೂ ತೆರೆದಿತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸದ್ದಿಲ್ಲದೆ ಚಪ್ಪಲಿ ಹುಡುಕತೊಡಗಿದರು.