ಅತ್ತೆ ಏಳುತ್ತಿದ್ದ ರೀತಿ

ನನ್ನ ಅತ್ತೆ, ಎಂದರೆ ಅಪ್ಪನ ತಂಗಿ, ಈವರೆಗೆ ಯಾರನ್ನೂ ನೆಟ್ಟಗೆ ನಿಂತವರೆಂದು ಒಪ್ಪಿಕೊಂಡಿಲ್ಲ. ಸದಾಶಿವಗಡದ ಗುಡ್ಡ ಕೂಡ ತುಸು ಎಡಕ್ಕೆ ವಾಲಿದೆ ಎಂಬುದು ಅವಳ ಅಭಿಪ್ರಾಯ. ಒಮ್ಮೆ ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಿಗೇ, "ಬೆನ್ನು ನೆಟ್ಟಗೆ ಮಾಡಾ, ಗೂನು ಬೀಳ್ತದೆ" ಎಂದಳು. ಬಿಣಗಾ ದಾಟುವವರೆಗೂ ಆ ಮನುಷ್ಯ ಎದೆ ಸೆಟೆಸಿಕೊಂಡೇ ಟಿಕೆಟ್ ಕೊಟ್ಟ. ನಾನು ಸೀಟಿನಡಿ ಜಾಗ ಹುಡುಕುತ್ತಿದ್ದೆ.

ಇಂಥವಳು ವರ್ಷದಲ್ಲಿ ಹತ್ತು ತಿಂಗಳು ಪೋಲೆಂಡಿನಲ್ಲಿ ಭರತನಾಟ್ಯ ಕಲಿಸುತ್ತಾಳೆ. ಆ ದೇಶ ನಮಗೇನು ಅನ್ಯಾಯ ಮಾಡಿತ್ತೋ!

ಅಲ್ಲಿ ಒಂದು ದಿನ, ನಲ್ಲನಿಲ್ಲದೆ ನಾಯಕಿಯ ಮೈ ಸುಡುತ್ತದೆ ಎಂದು ವಿವರಿಸಿದಳಂತೆ. ಹೊರಗೆ ಮೊಣಕಾಲುದ್ದ ಹಿಮ. ಅತ್ತೆಯಿಂದ ಕನ್ನಡವನ್ನೂ ಕಲಿತಿದ್ದ ಹಿರಿಯ ಶಿಷ್ಯೆ ಮಾರ್ತಾ, "ಪುಣ್ಯವಂತೆ" ಎಂದಳು. ಅತ್ತೆ ಸೋಲುವ ಪೈಕಿಯೇ? ಕಿಟಕಿಗಳನ್ನೆಲ್ಲ ಮುಚ್ಚಿ, ಹೀಟರನ್ನು ಕೊನೆಯವರೆಗೆ ತಿರುಗಿಸಿ, "ಇದು ಕಾರವಾರದ ಮೇ ತಿಂಗಳು. ಈಗ ವಿರಹಪಡಿ" ಎಂದಳು. ಐವರು ಶಿಷ್ಯೆಯರೂ ಬೆವರು ಒರೆಸಿಕೊಳ್ಳುತ್ತ ಎಷ್ಟು ಸೊಗಸಾಗಿ ನರಳಿದರೆಂದರೆ, ಕೆಳಗಿನ ಮನೆಯವರು ಗಾಬರಿಯಾಗಿ ಬಾಗಿಲು ಬಡಿದರಂತೆ.

ಅವಳ ಪಾಠದ ಕ್ರಮ ಒಂದೇ: ಪ್ರಶ್ನೆ ಕೇಳಬೇಡಿ, ನಾನು ಮಾಡಿದ್ದನ್ನೆಲ್ಲ ಮಾಡಿ.

ಕಳೆದ ಡಿಸೆಂಬರಿನಲ್ಲಿ ಆ ಐವರನ್ನೂ ಚಿತ್ತಾಕುಲದ ನಮ್ಮ ಮನೆಗೆ ಕರೆತಂದಳು. ಮರುದಿನ ಅಂಕೋಲೆಯಲ್ಲಿ ಕಾರ್ಯಕ್ರಮ. ಅವಳಿಗೆ ಮೊದಲ ಹೆಜ್ಜೆ ಕಲಿಸಿದ, ಎಂಬತ್ತು ದಾಟಿದ ಗುರುಗಳು ಮುಂದಿನ ಸಾಲಿನಲ್ಲಿ ಕೂರುವವರು. ಅತ್ತೆ ಬೆಳಗಿನಿಂದ ತಿಂಡಿ ಮುಟ್ಟಿರಲಿಲ್ಲ.

ನಾನೋ, ಕಂಡವರನ್ನೆಲ್ಲ ಅಣಕಿಸುವವ. ಸ್ವಂತದ್ದೆಂದು ಹೇಳಿಕೊಳ್ಳಲು ನನಗೊಂದು ನಡಿಗೆಯೂ ಇಲ್ಲ. ಅತ್ತೆ ಹಾರಿ ಕುಕ್ಕರಿಸಿ ಏಳುವಾಗ ಎಡಗೈಯಿಂದ ಮಂಡಿ ಒತ್ತಿಕೊಳ್ಳುತ್ತಾಳಲ್ಲ, ಅದನ್ನು ಅಂದು ಬೆಳಿಗ್ಗೆಯೂ ಮಾಡಿ ತೋರಿಸಿ ಅಡುಗೆಮನೆಯನ್ನು ನಗಿಸಿದ್ದೆ.

ಜಗಲಿಯಲ್ಲಿ ತಾಲೀಮು ಶುರುವಾಯಿತು. ಅತ್ತೆ ಕುಳಿತು ಕೋಲಿನಿಂದ ತಾಳ ಹಾಕುತ್ತಿದ್ದಳು. ಐವರೂ ಹಾರಿದರು, ಕುಕ್ಕರಿಸಿದರು. ಏಳುವಾಗ ಐದು ಎಡಗೈಗಳು ಒಟ್ಟಿಗೆ ಐದು ಮಂಡಿಗಳನ್ನು ಒತ್ತಿದವು. ತಾಳ ಮಾತ್ರ ತಪ್ಪಲಿಲ್ಲ.

ನೋಡಲು ಬಂದಿದ್ದ ಪಕ್ಕದ ಮನೆಯ ಸುಮನಕ್ಕ, "ಇದು ಯಾವ ಮುದ್ರೆಯೇ? ಚಂದ ಕಾಣ್ತದೆ" ಎಂದಳು.

ಕೋಲು ನಿಂತಿತು. "ಇದನ್ನ ಯಾರು ಕಲಿಸಿದ್ದು?"

"ನೀವೇ ಮಾರಾಯ್ರೆ" ಎಂದಳು ಮಾರ್ತಾ. "ನಾಲ್ಕು ವರ್ಷದಿಂದ ಮಾಡ್ತಾ ಇದ್ದೇವೆ."

ನಾಲ್ಕು ವರ್ಷದ ನೋವನ್ನು ಅತ್ತೆ ನಮಗ್ಯಾರಿಗೂ ಹೇಳಿರಲಿಲ್ಲ. ಈಗ ಸರಿಯಾಗಿ ಮಾಡಿ ತೋರಿಸಲೆಂದು ಎದ್ದಳು, ಹಾರಿದಳು; ಕೈ ತಾನಾಗಿ ಮಂಡಿಗೆ ಹೋಯಿತು. ಮತ್ತೆ ಹಾಗೆಯೇ. ಮೂರನೆಯ ಸಲ ಕುಳಿತುಬಿಟ್ಟಳು.

"ಬಿಡು ಮಾರಾಯ್ತಿ, ಗುರುಗಳಿಗೆ ಈಗ ಕಣ್ಣು ಅಷ್ಟಕ್ಕಷ್ಟೆ" ಎಂದಳು ಸುಮನಕ್ಕ.

"ಅವರಿಗೆ ಕಾಲಿನ ಸಪ್ಪಳ ಸಾಕು, ಮಂಡಿ ಒತ್ತಿ ಎದ್ದದ್ದು ಗೊತ್ತಾಗ್ತದೆ."

ಆಮೇಲೆ ನನ್ನತ್ತ ತಿರುಗಿದಳು. "ತಮಾ, ಸಣ್ಣವ ಇರುವಾಗ್ಲೂ ನನ್ನ ಅಣಕ ಮಾಡ್ತಿದ್ಯಲ್ಲ. ಆಗ ನಾ ಹ್ಯಾಂಗೆ ಏಳ್ತಿದ್ದೆ, ನೆನಪದೆಯಾ?"

"ಅದೆ. ಆದ್ರೆ ಯಾರೂ ನಗೂಕಿಲ್ಲ."

"ನಗೂಕೆ ಯಾರಿಗೆ ಪುರುಸೊತ್ತದೆ? ಮಾಡು."

ಲುಂಗಿ ಎತ್ತಿ ಕಟ್ಟಿದೆ. ಹಾರಿದೆ, ಕುಕ್ಕರಿಸಿದೆ, ಕೈಗಳನ್ನು ಎದೆಯ ಮುಂದೆ ಅಲ್ಲಾಡಿಸದೆ, ಬಾವಿಯಿಂದ ಕೊಡ ಮೇಲೆ ಬರುವ ಹಾಗೆ ಎದ್ದೆ. ಅತ್ತೆಗೆ ಮೂವತ್ತು ವರ್ಷವಿದ್ದಾಗ ಇದೇ ಜಗಲಿಯಲ್ಲಿ ಹೀಗೆ ಏಳುತ್ತಿದ್ದಳು. ಆಗ ಸಣ್ಣವನಾಗಿದ್ದ ನಾನು ಕಂಬ ಹಿಡಿದುಕೊಂಡು ನೋಡುತ್ತಿದ್ದೆ. ನನ್ನ ಅಣಕಕ್ಕೆ ಯಾರೂ ನಗದಿದ್ದುದು ಅದೇ ಮೊದಲು. ಐವರೂ ಕಣ್ಣು ಮಿಟುಕಿಸದೆ ನೋಡಿ ನನ್ನ ಜೊತೆ ಹಾರಿದರು. ನಾಲ್ಕನೆಯ ಸಲಕ್ಕೆ ಒಂದು ಕೈಯೂ ಮಂಡಿಗೆ ಹೋಗಲಿಲ್ಲ.

"ಸಾಕಲ್ಲ ಅತ್ತೆ?" ಏದುಸಿರಿನಲ್ಲಿ ಕೇಳಿದೆ.

ಅವಳು ಶಿಷ್ಯೆಯರ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ನನ್ನ ಮೇಲೆಯೇ ಇತ್ತು.

"ಇನ್ನೊಂದ್ ಸಲ ತಮಾ" ಎಂದು ಮೆಲ್ಲಗೆ ಕೋಲು ತಟ್ಟಿದಳು.

ಹುಡುಗಿಯರಿಗೆ ಆಗಲೇ ಬಂದುಬಿಟ್ಟಿತ್ತು.